ಡುಲಕ್ಯಾ

ಐದು ಮರಿ. ನಾಕು ಮರಿ ಮೂರು ವಾರಕ್ಕ
ಅಂಗಳ ದಾಟಿ ಕಣಿಕಿ ಬಣವಿ ಸುತ್ತಿ ಬಂದ್ವು.
ಐದನೇದು ಎದ್ದು ನಿಂತು
ನಿಂತಲ್ಲೇ ತೂಗಿತು,
ಸಂತಿ ಮುಗಿಸಿ ಬರೂ ದಗಡೂ ಕಾಕಾನ ಹಾಂಗ.

ನಕ್ವಿ. ಮನಿಮಂದಿ ಎಲ್ಲಾ ನಕ್ವಿ.
ಓಣಿ ಹುಡುಗರು ಡುಲಕ್ಯಾ ಅಂತ ಮರಾಠಿ ಹೆಸರಿಟ್ರು.
ಸಂಖದಾಗ ಹಾಂಗ:
ಸಾಲಿ ಕನ್ನಡದ್ದು, ಚ್ಯಾಷ್ಟಿ ಮಾತ್ರ ಮರಾಠಿ.

ನಮ್ಮವು ಕಾರವಾನಿ ನಾಯಿ.
ಬೆನ್ನು ಬಿಲ್ಲು, ಹೊಟ್ಟಿ ಒಳಗ ಎಳದು ಹೊಲದಾಂಗ,
ಓಡೂ ಮುಂದ ನೆರಳಿಗೂ ಸಿಗೂದಿಲ್ಲ.
ಅಜ್ಜ ಬರದ ಕೆಂಪು ವಹಿ ಅದ
(ಅಜ್ಜ ಅಂದೆ; ಮಾವ ಅನ್ನಬೇಕು ಈಗ):
ಯಾವ ಹೆಣ್ಣಿಗೆ ಯಾವ ಗಂಡು, ಯಾವ ಅಮಾಸಿ,
ಸೊಲ್ಲಾಪುರಕ್ಕ ಎಷ್ಟಕ್ಕ, ಫಲಟಣಕ್ಕ ಎಷ್ಟಕ್ಕ.
ಬಿಜಲಿಗೆ ಸರದಾರ.
ಬಿಜಲಿ ಮಗಳು ಹರಿಣಿಗೆ, ಸರದಾರ.
ಓಟ ಮನಿ ಬಿಟ್ಟು ಹೋಗಬಾರದು ಅಂತ.
ಹಾಲಿಗೆ ನೀರು ಬೆರಸಬಾರದು ಅಂತ.

ಬಾವಿಗೆ ಒಗದು ಬಾ ಅಂದ ನನ್ನ ಗಂಡ ಅಮಸಿದ್ಧ.
ಸಿಟ್ಟಿಲೆ ಅಲ್ಲ, ಕಸ ಹೊಡಿ ಅಂದಾಂಗ.
ನಾ ಅದನ್ನ ಕೈಚೀಲದಾಗ ಇಟಗೊಂಡು
ಮಿರಜದ ಎಸ್‌ಟಿ ಹತ್ತಿದೆ.
ಕಂಡಕ್ಟರ್ ಬಗ್ಗಿ ನೋಡಿ, ಥಂಡಿ ಹತ್ತೇದ ವೈನಿ,
ಸ್ವೇಟರ್ ಹಾಕ್ರಿ ಅಂದ.

ಖೋತ ಡಾಕ್ಟರಬಾಯಿ ಸಣ್ಣ ವಯಸ್ಸಿನಾಕಿ.
ಮೂಗಿನ ಮುಂದ ಒಂದು ಬಿಸ್ಕೀಟು ಹಿಡದ್ಲು.
ತಲಿ ಗಡಗಡ ನಡುಗಿತು.
ಬಿಸ್ಕೀಟು ಕಿಸೆದಾಗ ಹಾಕಿದ್ಲು. ನಿಂತಿತು.
'ನೋಡ್ರಿ, ಬೇಕು ಅಂದಾಗ ಅಷ್ಟ ನಡುಗತದ.'

ತಲಿ ಹಿಂದ ಸಣ್ಣ ಮಿದುಳು ಒಂದದಂತ,
ಹೂಕೋಸಿನ ಗಡ್ಡಿಯಷ್ಟು.
ಇದರದ್ದು ಬಸರಿನಾಗ ಅರ್ಧಕ್ಕ ನಿಂತದ.
ಇನ್ನ ಬೆಳ್ಯಾಂಗಿಲ್ಲ. ನೋವೂ ಇಲ್ಲ.
ಅಪ್ಪಗ ಏನಿಲ್ಲ, ಅವ್ವಗ ಏನಿಲ್ಲ,
ಇಬ್ಬರ ಹತ್ತರನೂ ಅರ್ಧರ್ಧ ಹರದ ಚೀಟಿ;
ಎರಡೂ ಅರ್ಧ ಕೂಡಿ ಈ ಕೂಸಿಗೆ ಬಂದಾವ.

ಆಮ್ಯಾಲೆ ಕೇಳಿದ್ಲು:
'ಇದರ ಅಪ್ಪ ಅವ್ವ ಸಂಬಂಧದಾಗಿನವ ಏನ್ರಿ?'

ಹನ್ನೊಂದು ವರ್ಷದ ಹಿಂದ, ಇದ ಮಿರಜದಾಗ,
ಮನಶ್ಯಾರ ದವಾಖಾನಿಯೊಳಗ,
ಇದ ಮಾತು ಕೇಳಿದ್ರು.
ಕುತ್ತಿಗಿ ನಿಲ್ಲದ ಕಸ್ತೂರಿ ನನ್ನ ತೊಡಿ ಮ್ಯಾಲಿದ್ಲು.
ನಾ ಸೆರಗಿನ ತುದಿ ತಿರುವಕೋತ ಕೂತಿದ್ದೆ.
ಗಂಡ ಎದಿ ಸೆಟದು ಉತ್ತರ ಕೊಟ್ಟ:
'ನಮ್ಮ ಅಕ್ಕನ ಮಗಳೇ ರೀ. ಹೊರಗಿನಾಕಿ ಅಲ್ಲ.'
ಡಾಕ್ಟರ್ ಏನೋ ಬರಕೊಂಡ್ರು. ಏನಂತ ನಮಗ ಹೇಳಲಿಲ್ಲ.

ಈ ಸಲ ಬಾಯಿ ನಂದು.
'ಹೌದ್ರಿ,' ಅಂದೆ. 'ಅಪ್ಪಗ ಮಗಳನ್ನ ಕೂಡಸೀವಿ.'

ದೀಪಾವಳಿ ಮುಂದ ಹರಿಣಿ ಬೆದಿಗಿ ಬಂತು.
ಫಲಟಣದವರ ಮುಂಗಡ ಟ್ರಂಕಿನಾಗ ಇತ್ತು.
ಸರದಾರ ಮೂರು ರಾತ್ರಿ ಬಾಗಲಾ ಕೆರದ.
ನಾ ಹರಿಣಿನ್ನ ಅಡಗಿಮನ್ಯಾಗ ಹಾಕಿ
ಅಗಳಿ ಹಾಕಕೊಂಡು ಆಕೀ ಮಗ್ಗಲಕ ಮಲಗಿದೆ.
ಗಂಡ ಮಾತು ಬಿಟ್ಟ. ಬಿಡಲಿ.
ಉಮದಿಯಿಂದ ಇಲಾಹಿ ಮಾಮಾ ತನ್ನ ಕಿವಿಹರಕ ಗಂಡುನಾಯಿ ತಂದ.
ಓಟ ಸ್ವಲ್ಪ ಕಮ್ಮಿನ ಅದು. ಗೊತ್ತದ ನನಗ.

ಅವತ್ತ ವಹಿ ತಗದೆ.
ಮಾರಿದವು, ಗೆದ್ದವು ಅಷ್ಟ ಇದ್ದ ಹಾಳಿ.
ಕಡೀಕ ಡುಲಕ್ಯಾ ಅಂತ ಬರದೆ.
ಅದರ ಕೆಳಗ ಇನ್ನೊಂದು ಹೆಸರು ಬರೀಬೇಕು ಅಂತ
ಪೆನ್ನು ಇಟ್ಟಾಗ
ಕೈ ಹ್ಯಾಂಗ ನಡುಗಿತು ಅಂದ್ರ,
ಕ ದ ತಲಿಕಟ್ಟು ಎರಡು ಸಲ ಬಿತ್ತು.

ಹೊರಗಿಂದ ಗಂಡ ಕೇಳಿದ, ಹದಿನೈದು ದಿನಕ್ಕ ಮೊದಲನೇ ಮಾತು:
'ಫಲಟಣದವರಿಗೆ ಏನ ಹೇಳೂದು?'

ನೆಲದಾಗ ಹುಗದ ತಾಟಿಗೆ ಹಾಲು ಹಾಕಿದೆ.
ಇಲ್ಲದ ಹೊಸ್ತಿಲ ದಾಟದಾಂಗ ಕಾಲು ಎತ್ತೆತ್ತಿ ಇಡಕೋತ
ಬಂತು ಅದು. ಒಂದು ಸಲ ತಾಟಿನ ಆಚಿ ಹೋತು.
ಇನ್ನೊಂದು ಸಲ ಈಚಿ.
ಮೂರನೇದಕ್ಕ ಮೂಗಮಟ ಮುಳುಗಿ,
ಸೀನಿ,
ಕುಡೀತು.